ಔತಣಕ್ಕೆ ಉಡುವುದೇನು?



"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂದು ನಮ್ಮಲ್ಲೊಂದು ಗಾದೆಯುಂಟು. ಎಲೆಯ ಮೇಲೆ ಬಡಿಸಿದುದರಲ್ಲಿ ಯಾವುದನ್ನು ಎಷ್ಟು ತಿನ್ನಬೇಕೆಂಬುದು ನಮ್ಮ ಹೊಟ್ಟೆಗೆ ಸೇರಿದ ವಿಷಯ. ಎಲೆಯ ಮುಂದೆ ಕುಳಿತವನು ಹೇಗೆ ಕಾಣುತ್ತಾನೆಂಬುದು ಪಂಕ್ತಿಯಲ್ಲಿರುವವರೆಲ್ಲರ ಕಣ್ಣಿಗೆ ಸೇರಿದ ವಿಷಯ. ಉಡುಪಿನ ಮಹಿಮೆಯನ್ನು ಹೇಳುವಾಗ ನಮ್ಮ ಪಂಡಿತರು ಸಮುದ್ರಮಥನದ ಕಥೆಯನ್ನು ನಗುತ್ತ ಎತ್ತಿಕೊಳ್ಳುವುದುಂಟು. ಪೀತಾಂಬರವನ್ನುಟ್ಟು ಬಂದ ಹರಿಗೆ ಸಮುದ್ರರಾಜನು ಮಗಳನ್ನೇ ಧಾರೆಯೆರೆದುಕೊಟ್ಟನು. ದಿಗಂಬರನಾಗಿ ಬಂದ ಹರನಿಗೆ ವಿಷವನ್ನು ಕೊಟ್ಟನು. ವೇಷವನ್ನು ನೋಡಿ ಸತ್ಕಾರ ಮಾಡುವ ಪದ್ಧತಿ ಹೊಸದಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೆ?

ಈ ಸಂಜೆ ನಾನು ಮಾತನಾಡಬೇಕೆಂದಿರುವುದು ಒಂದು ವಿಶೇಷವಾದ ಔತಣದ ಉಡುಪನ್ನು ಕುರಿತು. ದಪ್ಪನೆಯ ಬಿಳಿಯ ಕಾಗದದ ಮೇಲೆ ಅಂದವಾಗಿ ಅಚ್ಚಾದ ಆಮಂತ್ರಣವೊಂದು ನಿಮ್ಮ ಕೈಸೇರುತ್ತದೆಂದು ಭಾವಿಸೋಣ. ಕರೆದವರ ಹೆಸರು, ದಿನ, ಹೊತ್ತು, ಸ್ಥಳ, ಎಲ್ಲವೂ ಇವೆ. ಕೆಳಗಿನ ಮೂಲೆಯಲ್ಲಿ ಎರಡೇ ಎರಡು ಮಾತು: ಬ್ಲ್ಯಾಕ್ ಟೈ. ಕರಿಯ ಟೈ ಎಂದು ಇದಕ್ಕೆ ಮಾತಿಗೆ ಮಾತಿನ ಅರ್ಥ. ಟೈಗೆ ಕಂಠಕೌಪೀನವೆಂದು ಹೆಸರಿಟ್ಟು ನಕ್ಕ ನಮ್ಮ ಜನ, ಕಚೇರಿಗೆ ಹೋಗುವ ಸೂಟಿಗೆ ಒಂದು ಕಪ್ಪು ಕೌಪೀನವನ್ನು ಬಿಗಿದುಕೊಂಡರೆ ಸಾಕೆಂದು ತಿಳಿದರೆ ಅದು ಅವರ ತಪ್ಪಲ್ಲ. ಆದರೆ ಆ ಎರಡು ಮಾತಿನಲ್ಲಿ ಅಡಿಯಿಂದ ಮುಡಿಯವರೆಗಿನ ಒಂದು ಸಮಗ್ರ ಶಾಸನವೇ ಅಡಗಿದೆ.

ಮೊದಲು ಈ ಉಡುಪಿನ ಹುಟ್ಟನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ರಾತ್ರಿಯ ಊಟಕ್ಕೆ ಗಂಡಸರು ತೊಡುತ್ತಿದ್ದುದು ಹಿಂದೆ ಎರಡು ಬಾಲಗಳುಳ್ಳ ಕರಿಯ ಕೋಟು, ಬಿಳಿಯ ವೇಸ್ಟ್‌ಕೋಟು, ಗಂಜಿಯಿಂದ ಹಲಗೆಯಂತಾದ ಷರಟು, ಬಿಳಿಯ ಬೋ ಟೈ. ಮೊಣಕಾಲಿನವರೆಗೆ ಇಳಿಯುವ ಆ ಬಾಲಗಳನ್ನು ಸರಿಪಡಿಸಿಕೊಂಡು ಕುರ್ಚಿಯಲ್ಲಿ ಕುಳಿತುಕೊಳ್ಳುವುದೇ ಒಂದು ವಿದ್ಯೆ. ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ಯುವರಾಜನು ತನ್ನ ಸ್ಯಾಂಡ್ರಿಂಗ್‌ಹ್ಯಾಮ್ ಹಳ್ಳಿಮನೆಯಲ್ಲಿ ಆಪ್ತರೊಡನೆ ಊಟಮಾಡುವಾಗ ತೊಡುವುದಕ್ಕಾಗಿ, ೧೮೬೫ರಲ್ಲಿ ಬಾಲವಿಲ್ಲದ ಗಿಡ್ಡ ನೀಲಿ ರೇಷ್ಮೆಯ ಕೋಟೊಂದನ್ನು ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಎಂಬ ದರ್ಜಿಯ ಅಂಗಡಿಯಲ್ಲಿ ಹೊಲಿಸಿಕೊಂಡನೆಂದು ಆ ಅಂಗಡಿಯವರು ಹೇಳುತ್ತಾರೆ. ಅಮೆರಿಕದಲ್ಲಿ ಈ ಗಿಡ್ಡ ಕೋಟು ೧೮೮೬ರ ಸುಮಾರಿನಲ್ಲಿ ನ್ಯೂಯಾರ್ಕಿಗೆ ಸಮೀಪದ ಟಕ್ಸೀಡೋ ಪಾರ್ಕ್ ಎಂಬ ಧನಿಕರ ವಿಹಾರಸ್ಥಾನದಲ್ಲಿ ಪ್ರಚಾರಕ್ಕೆ ಬಂದು, ಆ ಊರಿನ ಹೆಸರನ್ನೇ ಪಡೆಯಿತು. ಇಂಗ್ಲಿಷರು ಅದನ್ನು ಡಿನ್ನರ್ ಜಾಕೆಟ್ ಎನ್ನುತ್ತಾರೆ. ಫ್ರೆಂಚರು ಸ್ಮೋಕಿಂಗ್ ಎನ್ನುತ್ತಾರೆ.

ಈ ಚರಿತ್ರೆಯಲ್ಲಿ ಒಂದು ತಮಾಷೆಯುಂಟು. ನಮಗೆ ಇಂದು ಅತ್ಯಂತ ಬಿಗಿಯಾಗಿ ಕಾಣುವ ಈ ಉಡುಪು ಹುಟ್ಟಿದ್ದು ಬಿಗಿಯನ್ನು ಸಡಿಲಿಸುವುದಕ್ಕಾಗಿ! ಮೊದಲನೆಯ ಮಹಾಯುದ್ಧವು ಕಳೆದ ಮೇಲೆ ಬಾಲದ ಕೋಟು ಬರಬರುತ್ತ ಹಿಂದೆ ಸರಿಯಿತು. ಗಿಡ್ಡ ಕೋಟೇ ಮರ್ಯಾದೆಯ ಉಡುಪಾಗಿ ನಿಂತಿತು. ಈಗ ಬಾಲದ ಕೋಟಿಗೂ ಬಿಳಿಯ ಟೈಗೂ ನೊಬೆಲ್ ಪಾರಿತೋಷಕದ ಸಮಾರಂಭದಂತಹ ಕೆಲವೇ ಸ್ಥಾನಗಳು ಉಳಿದಿವೆ. ನಿನ್ನೆಯ ಸಲುಗೆ ಇಂದಿನ ಶಿಷ್ಟಾಚಾರವಾಗುವುದು ಉಡುಪಿನ ಲೋಕದಲ್ಲಿ ಸಾಮಾನ್ಯವಾದ ನಡೆ.

ಇನ್ನು ಅಂಗಾಂಗಗಳ ವಿಚಾರ. ಕೋಟು ಕರಿಯದು, ಇಲ್ಲವೆ ನಡುರಾತ್ರಿಯ ಆಕಾಶದಂತಹ ಕಡುನೀಲಿ. ದೀಪದ ಬೆಳಕಿನಲ್ಲಿ ಕರಿಯ ಬಣ್ಣವು ತುಸು ಹಸುರಾಗಿ ಮಾಸಿದಂತೆ ಕಾಣುವುದುಂಟು. ಕಡುನೀಲಿಯು ಕಪ್ಪಿಗಿಂತ ಕಪ್ಪಾಗಿ ಕಾಣುತ್ತದೆ. ಈ ಗುಟ್ಟನ್ನು ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಪ್ರಚಾರಕ್ಕೆ ತಂದವನು, ಪಟ್ಟವನ್ನು ಬಿಟ್ಟುಕೊಟ್ಟ ಎಂಟನೆಯ ಎಡ್ವರ್ಡ್. ಎದೆಯ ಮೇಲಿನ ಮಡಿಕೆಗೆ ರೇಷ್ಮೆಯ ಹೊದಿಕೆ; ಷರಾಯಿಯ ಹೊರಹೊಲಿಗೆಯ ಉದ್ದಕ್ಕೂ ಅದೇ ರೇಷ್ಮೆಯ ಒಂದು ಪಟ್ಟಿ. ಷರಾಯಿಯ ತುದಿಯನ್ನು ಹೊರಕ್ಕೆ ಮಡಿಸಕೂಡದು. ಸೊಂಟಕ್ಕೆ ಚರ್ಮದ ಬೆಲ್ಟು ಕೂಡದು, ಒಳಗಿನಿಂದ ಹೆಗಲಪಟ್ಟಿಗಳು ಅದನ್ನು ಹಿಡಿದಿರುತ್ತವೆ. ಷರಟು ಬಿಳಿಯದು, ಅದರ ಎದೆಗೆ ಬಿಡಿಗುಂಡಿಗಳು, ಮಣಿಕಟ್ಟಿಗೆ ಜೋಡಿಗುಂಡಿಗಳು. ಟೈ ಚಿಟ್ಟೆಯ ಆಕಾರದ ಕರಿಯ ರೇಷ್ಮೆಯ ಬೋ. ಪಾದರಕ್ಷೆ ಕನ್ನಡಿಯಂತೆ ಹೊಳೆಯುವ ಕಪ್ಪು ಚರ್ಮದ್ದು. ಸೊಂಟದಲ್ಲಿ, ಷರಟೂ ಷರಾಯಿಯೂ ಸೇರುವಲ್ಲಿ, ತಗ್ಗಾಗಿ ಕತ್ತರಿಸಿದ ವೇಸ್ಟ್‌ಕೋಟು, ಇಲ್ಲವೆ ನೆರಿಗೆಯ ರೇಷ್ಮೆಯ ನಡುಕಟ್ಟು.

ಈ ನಡುಕಟ್ಟಿನ ಹೆಸರನ್ನು ಕೇಳಿದರೆ ನಿಮಗೆ ಸಂತೋಷವಾದೀತು. ಇಂಗ್ಲಿಷರು ಕಮರ್‌ಬಂಡ್ ಎಂದು ಕರೆಯುವ ಇದು ಪಾರಸಿಯ ಕಮರ್‌ಬಂದ್. ನಮ್ಮ ದೇಶದ ಸೆಕೆಯಲ್ಲಿ ವೇಸ್ಟ್‌ಕೋಟಿನೊಳಗೆ ಬೆಂದುಹೋದ ಇಂಗ್ಲಿಷ್ ಸೈನ್ಯದ ಅಧಿಕಾರಿಗಳು ಇಲ್ಲಿನವರ ಸೊಂಟದ ಪಟ್ಟಿಯನ್ನು ಕಂಡು, ಅದನ್ನು ತಾವೂ ಕಟ್ಟಿಕೊಂಡು, ತಮ್ಮ ದೇಶಕ್ಕೆ ಒಯ್ದರು. ಪಾಶ್ಚಾತ್ಯರ ಔತಣದ ಉಡುಪಿನ ನಟ್ಟನಡುವೆ ಹಿಂದೂದೇಶದ ಬೇಸಗೆಯ ಒಂದು ನೆನಪು ಕಟ್ಟಿಕೊಂಡು ಕುಳಿತಿದೆ!

ಇಷ್ಟೊಂದು ವಿಧಿನಿಷೇಧಗಳೇಕೆ ಎಂದು ನೀವು ಕೇಳಬಹುದು. ಆದರೆ ಊಟಕ್ಕೆ ಉಡುಪಿನ ಕಟ್ಟಳೆ ನಮಗೆ ಅಪರಿಚಿತವಾದುದೆ? ನಮ್ಮ ಅಜ್ಜಿಯರ ಮನೆಗಳಲ್ಲಿ ಮಡಿಪಂಚೆಯನ್ನುಡದೆ ಎಲೆಯ ಮುಂದೆ ಕುಳಿತುಕೊಳ್ಳುವಂತಿತ್ತೆ? ಧರ್ಮಸ್ಥಳದಲ್ಲಿ ದೇವರ ದರ್ಶನಕ್ಕೆ ಹೋಗುವ ಗಂಡಸು ಅಂಗಿಯನ್ನು ಕಳಚಬೇಕು. ಅಲ್ಲಿ ಉಡದಿರುವುದೇ ಉಡುಪು. ಇವುಗಳಲ್ಲಿ ನಮಗೆ ಸೋಜಿಗವೇನೂ ತೋರುವುದಿಲ್ಲ, ಏಕೆಂದರೆ ಇವು ನಮ್ಮವು. ಕರಿಯ ಟೈ ಅವರ ಮಡಿ. ಈ ಹೊತ್ತು ದಿನದ ಉಳಿದ ಹೊತ್ತಿನಂತಲ್ಲ, ಬೀದಿಯ ಧೂಳನ್ನೂ ಕಚೇರಿಯ ಚಿಂತೆಯನ್ನೂ ಹೊರಗೆ ಬಿಟ್ಟು ಬಂದಿದ್ದೇನೆ ಎಂದು ಮೈಯಿಂದಲೇ ಹೇಳುವ ಮಾತು ಅದು. ಸಂಜೆಯ ಆರು ಗಂಟೆಗೆ ಮುಂಚೆ ಅದನ್ನು ತೊಡಬಾರದೆಂಬ ಹಳೆಯ ನಿಯಮಕ್ಕೂ ಇದೇ ಕಾರಣ.

ಇದರಲ್ಲಿ ಇನ್ನೊಂದು ಗುಣವೂ ಉಂಟು. ಎಲ್ಲ ಗಂಡಸರೂ ಒಂದೇ ಬಗೆಯ ಕಪ್ಪು ಬಿಳುಪಿನಲ್ಲಿ ನಿಂತಾಗ ಹತ್ತು ಅಡಿಯ ದೂರದಿಂದ ಲಕ್ಷಾಧೀಶನನ್ನೂ ಉಪಾಧ್ಯಾಯನನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ಬಣ್ಣವೆಲ್ಲವೂ ಸ್ತ್ರೀಯರ ಪಾಲಿಗೆ. ಗಂಡಸರು ಚಿತ್ರದ ಹಿಂದಿನ ಪರದೆಯಾಗುತ್ತಾರೆ. ಯಾರ ಉಡುಪನ್ನೂ ಯಾರೂ ಗಮನಿಸದಿರಲಿ, ಮಾತನ್ನು ಗಮನಿಸಲಿ ಎಂಬುದು ಈ ಕಟ್ಟಳೆಯ ಒಳ್ಳೆಯ ಉದ್ದೇಶ. ಆದರೆ ಆ ಉಡುಪೇ ಇಲ್ಲದವನಿಗೆ, ಅದನ್ನು ಕೊಳ್ಳಲಾರದವನಿಗೆ, ಇದೇ ಕಟ್ಟಳೆ ಬಾಗಿಲಿಗೆ ಹಾಕಿದ ಅಗಣಿಯೂ ಆಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ನಮ್ಮ ತಂದೆಯವರು ಹಳೆಯ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದವರು. ೧೯೩೮ನೆಯ ಇಸವಿಯಲ್ಲಿ ದಸರಾ ದರ್ಬಾರಿಗೆ ಅವರಿಗೆ ಕರೆ ಬಂದಿತು. ಅದಕ್ಕಾಗಿ ಒಂದು ಮುಚ್ಚುಗೊರಳಿನ ಕರಿಯ ಉದ್ದ ಕೋಟನ್ನು ಹೊಲಿಸಿದರು. ಬಿಳಿಯ ಷರಾಯಿ, ಆ ಕೋಟು, ತಲೆಗೆ ಜರಿಯ ರುಮಾಲು. ಹೀಗೆ ಅವರು ಅರಮನೆಯ ಸಭಾಮಂಟಪದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರನ್ನು ದೂರದಿಂದ ಕಂಡುಬಂದರು. ಆ ಒಂದು ಸಂಜೆಯನ್ನು ಅವರು ತಮ್ಮ ಬಾಳಿನುದ್ದಕ್ಕೂ ಜೋಪಾನವಾಗಿಟ್ಟುಕೊಂಡಿದ್ದರು; ಕೋಟನ್ನು ನುಸಿಗುಳಿಗೆಗಳ ನಡುವೆ ಜೋಪಾನವಾಗಿಟ್ಟಿದ್ದರು. ೧೯೬೬ರಲ್ಲಿ ನಾನು ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ ಆ ಕೋಟನ್ನು ಹೊರತೆಗೆದು, ದರ್ಜಿಯನ್ನು ಮನೆಗೇ ಕರೆಸಿ, ತೋಳನ್ನು ನನ್ನ ಅಳತೆಗೆ ಇಳಿಸಿ, ನನ್ನ ಪೆಟ್ಟಿಗೆಯ ತಳದಲ್ಲಿ ತಾವೇ ಮಡಿಸಿಟ್ಟರು. "ದೊಡ್ಡವರು ಊಟಕ್ಕೆ ಕರೆದರೆ ಬೇಕಾಗುತ್ತದೆ" ಎಂದರು.

ಚಳಿಗಾಲ ಬಂದಿತು, ದೊಡ್ಡವರ ಕರೆಯೂ ಬಂದಿತು. ಕಾಗದದ ಮೂಲೆಯಲ್ಲಿ ಬ್ಲ್ಯಾಕ್ ಟೈ ಎಂದಿತ್ತು. ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ, ಇಲ್ಲವೆ ರಾಷ್ಟ್ರೀಯ ಉಡುಪು, ಎಂದೂ ಇತ್ತು. ಮೊದಲನೆಯ ಸಾಲನ್ನು ನಾನು ಹತ್ತು ಸಲ ಓದಿದೆ. ಎರಡನೆಯ ಸಾಲನ್ನು ಓದಿಯೂ ಓದದವನಂತಾದೆ. ಅಷ್ಟು ಜನರ ನಡುವೆ ನಾನೊಬ್ಬನೇ ಬೇರೆಯಾಗಿ ನಿಲ್ಲುವುದೆಂದರೆ ನನಗೆ ಎದೆ ನಡುಗುತ್ತಿತ್ತು. ಒಂದು ವಾರದ ಊಟದ ಹಣವನ್ನು ತೆತ್ತು ಅಂಗಡಿಯೊಂದರಿಂದ ಡಿನ್ನರ್ ಜಾಕೆಟನ್ನು ಬಾಡಿಗೆಗೆ ತಂದೆ. ತೋಳು ಅರ್ಧ ಅಂಗೈಯನ್ನು ಮುಚ್ಚುತ್ತಿತ್ತು. ಷರಟಿನ ಕೊರಳು ಉಸಿರನ್ನು ಹಿಡಿಯುತ್ತಿತ್ತು. ಮೊದಲೇ ಗಂಟು ಹಾಕಿ ಕೊಕ್ಕೆಯಿಟ್ಟಿದ್ದ ಬೋ ಟೈ ತಲೆ ತಿರುಗಿಸಿದಾಗಲೆಲ್ಲ ಓರೆಯಾಗುತ್ತಿತ್ತು.

ಊಟದ ಮೇಜಿನಲ್ಲಿ ನನ್ನ ಪಕ್ಕಕ್ಕೆ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಕುಳಿತಿದ್ದರು. ನಾನು ಮೈಸೂರಿನವನೆಂದು ತಿಳಿದು, "ನಿಮ್ಮಲ್ಲಿ ಇಂತಹ ಸಂಜೆಗಳಿಗೆ ಏನನ್ನು ತೊಡುತ್ತಾರೆ?" ಎಂದು ಕೇಳಿದರು. ಅದುವರೆಗೆ ತುಟಿ ಬಿಚ್ಚದಿದ್ದ ನಾನು ದರ್ಬಾರಿನ ಉಡುಪನ್ನು ವರ್ಣಿಸಲು ತೊಡಗಿದೆ. ಉದ್ದ ಕೋಟಿನ ಸಾಲುಗುಂಡಿಗಳು, ರುಮಾಲಿನ ಜರಿಯ ಅಂಚು, ದೀಪದ ಬೆಳಕಿನಲ್ಲಿ ಅದು ಹೊಳೆಯುವ ಬಗೆ, ಎಲ್ಲವನ್ನೂ ತಂದೆಯವರ ಮಾತಿನಲ್ಲಿಯೇ ಹೇಳಿದೆ. ಅವರು ಚಮಚವನ್ನು ಕೆಳಗಿಟ್ಟು ಕೇಳಿದರು. ಕಡೆಯಲ್ಲಿ, ಆಕ್ಷೇಪಣೆಯ ನೆರಳೂ ಇಲ್ಲದ ಧ್ವನಿಯಲ್ಲಿ, "ಹಾಗಾದರೆ ಅದನ್ನೇಕೆ ತೊಟ್ಟು ಬರಲಿಲ್ಲ?" ಎಂದರು. "ಅದು ಊರಿನಲ್ಲಿದೆ" ಎಂದೆ. ಅದು ನನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು.

ತಿಂಗಳೊಳಗಾಗಿ ತಂದೆಯವರ ಕಾಗದ ಬಂದಿತು. ಔತಣದ ಸುದ್ದಿಯನ್ನು ನಾನು ಮೊದಲೇ ಬರೆದಿದ್ದೆ. "ಕೋಟು ಹಾಕಿಕೊಂಡೆಯಷ್ಟೆ? ತೋಳು ಸರಿಯಾಗಿ ಬಂದಿತೆ?" ಎಂದು ಕೇಳಿದ್ದರು. "ಸರಿಯಾಗಿತ್ತು, ಎಲ್ಲರೂ ಮೆಚ್ಚಿದರು" ಎಂದು ಉತ್ತರ ಬರೆದೆ.

ಮಹನೀಯರೆ, ಹೊರಗಿನ ಸಭೆಗಳಿಗೆ ತಮ್ಮದನ್ನೇ ಉಟ್ಟು ಹೋದ ನಮ್ಮವರು ಹಲವರುಂಟು. ೧೯೩೧ರ ನವೆಂಬರಿನಲ್ಲಿ ಮಹಾತ್ಮರು ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದಾಗ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆಯ ಚಹಾಕೂಟಕ್ಕೆ ತಮ್ಮ ಎಂದಿನ ತುಂಡು ಪಂಚೆ, ಶಾಲು, ಚಪ್ಪಲಿಗಳಲ್ಲಿಯೇ ಹೋದರು. ಆದರೆ ಅದು ಒಂದು ವ್ರತ. ವ್ರತಿಯ ದಾರಿ ಎಲ್ಲರಿಗೂ ಅಲ್ಲ. ಸಂಸಾರಿಗಳಾದ ನಮಗೆ ಹತ್ತಿರವಾದ ದೃಷ್ಟಾಂತ ಸರ್ ಎಂ. ವಿಶ್ವೇಶ್ವರಯ್ಯನವರದು. ಮೈಗೆ ಸುಕ್ಕಿಲ್ಲದ ಪಾಶ್ಚಾತ್ಯ ಸೂಟು, ತಲೆಗೆ ಮೈಸೂರು ಪೇಟ. ಎರಡೂ ಒಂದೇ ದೇಹದ ಮೇಲೆ ಜಗಳವಾಡದೆ ಇದ್ದುವು. ಮುಂದೆ ನಮ್ಮ ಬೆಂಗಳೂರಿನವರೇ ಆದ ಸರ್ ಸಿ. ವಿ. ರಾಮನ್ನರೂ ೧೯೩೦ರಲ್ಲಿ ನೊಬೆಲ್ ಪಾರಿತೋಷಕಕ್ಕಾಗಿ ಸ್ಟಾಕ್‌ಹೋಮಿಗೆ ಹೋದಾಗ ತಲೆಯ ರುಮಾಲನ್ನು ತೆಗೆದಿಡಲಿಲ್ಲ. ೨೦೧೯ರ ಡಿಸೆಂಬರಿನಲ್ಲಿ ಅದೇ ನಗರದಲ್ಲಿ ಅರ್ಥಶಾಸ್ತ್ರದ ಪಾರಿತೋಷಕವನ್ನು ಪಡೆದ ಅಭಿಜಿತ್ ಬ್ಯಾನರ್ಜಿಯವರು ಜರಿಯಂಚಿನ ಪಂಚೆಯನ್ನುಟ್ಟು, ಮುಚ್ಚುಗೊರಳಿನ ಕರಿಯ ಕೋಟನ್ನು ತೊಟ್ಟಿದ್ದರು. ಪಾರಿತೋಷಕದಲ್ಲಿ ಸಹಭಾಗಿನಿಯಾದ ಅವರ ಪತ್ನಿ, ಫ್ರಾನ್ಸ್ ದೇಶದಲ್ಲಿ ಹುಟ್ಟಿದ ಎಸ್ತರ್ ಡುಫ್ಲೋ, ಸೀರೆಯನ್ನುಟ್ಟಿದ್ದರು. ಆ ಸಮಾರಂಭದ ಕಟ್ಟಳೆಯೇ, ಬಾಲದ ಕೋಟು ಇಲ್ಲವೆ ರಾಷ್ಟ್ರೀಯ ಉಡುಪು ಎಂದು ಎರಡು ಬಾಗಿಲುಗಳನ್ನು ತೆರೆದಿಟ್ಟಿದೆ.

ಈಗ ಕಾರ್ಯಕ್ಕೆ ಬರೋಣ. ಇಂತಹ ಕರೆ ಬಂದಾಗ ಮೊದಲನೆಯದಾಗಿ ಕಾಗದವನ್ನು ಕಡೆಯ ಸಾಲಿನವರೆಗೂ ಓದಬೇಕು. ಸಂದೇಹವಿದ್ದರೆ ಕರೆದವರನ್ನೇ ಕೇಳಬೇಕು; ಕೇಳುವುದು ಅಜ್ಞಾನದ ಗುರುತಲ್ಲ, ಅವರ ಮನೆಯ ಮರ್ಯಾದೆಯನ್ನು ಕಾಪಾಡಬೇಕೆಂಬ ಆಸೆಯ ಗುರುತು.

ಎರಡನೆಯದಾಗಿ, ಡಿನ್ನರ್ ಜಾಕೆಟನ್ನೇ ತೊಡುವುದಾದರೆ ಅಳತೆಗೆ ಮೊದಲ ಸ್ಥಾನವನ್ನು ಕೊಡಬೇಕು. ಬೆಲೆಬಾಳುವ ಬಟ್ಟೆ ಅಳತೆ ತಪ್ಪಿದರೆ ಎರವಲಿನಂತೆ ಕಾಣುತ್ತದೆ. ಸಾಧಾರಣ ಬಟ್ಟೆ ಅಳತೆಗೆ ಕೂತರೆ ಸ್ವಂತದ್ದಾಗುತ್ತದೆ. ಬಾಡಿಗೆಗೆ ತಂದರೂ ಅವಮಾನವಿಲ್ಲ, ಆದರೆ ಒಂದು ವಾರ ಮುಂಚಿತವಾಗಿ ತಂದು ತೋಳನ್ನೂ ಕಾಲನ್ನೂ ನೋಡಿಕೊಳ್ಳಬೇಕು. ಬೋ ಟೈಯನ್ನು ಕೈಯಿಂದಲೇ ಕಟ್ಟುವುದನ್ನು ಕಲಿಯಿರಿ. ಅದು ನಾವು ದಿನವೂ ಬೂಟಿನ ದಾರಕ್ಕೆ ಹಾಕುವ ಗಂಟೇ, ಕೊರಳಿಗೆ ಏರಿದ್ದರಿಂದ ಮಾತ್ರ ಕಷ್ಟವಾಗಿ ತೋರುತ್ತದೆ. ಸ್ವಲ್ಪ ಓರೆಯಾಗಿ ಬಿದ್ದರೆ ಬಿಡಿ. ಮನುಷ್ಯನೇ ಕಟ್ಟಿದನೆಂಬುದಕ್ಕೆ ಅದೇ ಸಾಕ್ಷಿ. ಜೇಬುಗಳನ್ನು ಉಬ್ಬಿಸಬೇಡಿ. ಪಾದರಕ್ಷೆಗೆ ಹಿಂದಿನ ರಾತ್ರಿಯೇ ಪಾಲಿಷ್ ಹಾಕಿರಿ.

ಮೂರನೆಯದಾಗಿ, ನಮ್ಮ ಉಡುಪನ್ನೇ ಆರಿಸುವುದಾದರೆ ಮುಚ್ಚುಗೊರಳಿನ ಕರಿಯ ಕೋಟು ಎಲ್ಲಿಯೂ ಸಲ್ಲುತ್ತದೆ. ಅದಕ್ಕೆ ಬಿಳಿಯ ಇಲ್ಲವೆ ಕರಿಯ ಷರಾಯಿ, ಅಥವಾ ಕಚ್ಚೆಪಂಚೆ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಗಾಳಿ ಕಚ್ಚೆಪಂಚೆಯನ್ನು ಗೌರವಿಸುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು! ರುಮಾಲಿನ ಜರಿ ಹೊಳೆಯುತ್ತಿದ್ದರೆ ಉಳಿದದ್ದೆಲ್ಲ ಸುಮ್ಮನಿರಲಿ. ಇದಕ್ಕೊಂದು ಸುಲಭವಾದ ಒರೆಗಲ್ಲುಂಟು. ಅದನ್ನೇ ತೊಟ್ಟು ನಮ್ಮೂರಿನಲ್ಲಿ ಮಗಳ ಮದುವೆಯ ಧಾರೆಗೆ ನಿಲ್ಲಬಹುದೆ ಎಂದು ಕೇಳಿಕೊಳ್ಳಿ. ಹೌದೆಂದರೆ ಅದು ಉಡುಪು; ಇಲ್ಲವೆಂದರೆ ಅದು ನಾಟಕದ ವೇಷ.

ಮಹಿಳೆಯರ ವಿಷಯದಲ್ಲಿ ನಾನು ಹೇಳತಕ್ಕದ್ದು ಸ್ವಲ್ಪ. ಪಾಶ್ಚಾತ್ಯ ಸ್ತ್ರೀಗೆ ಈ ಕಟ್ಟಳೆ ಬಯಸುವುದು ಪಾದದವರೆಗೆ ಇಳಿಯುವ ಉದ್ದನೆಯ ಉಡುಪು. ಸೀರೆಯು ಹುಟ್ಟಿನಿಂದಲೇ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದದ್ದು. ೧೯೧೨ರಲ್ಲಿ ನಾಲ್ವಡಿಯವರ ಆಳ್ವಿಕೆಯಲ್ಲಿ ಸ್ಥಾಪಿತವಾದ ಕಾರ್ಖಾನೆಯಿಂದ ಇಂದಿಗೂ ನೇಯ್ದು ಬರುತ್ತಿರುವ ನಮ್ಮ ಮೈಸೂರು ರೇಷ್ಮೆಯ ಸೀರೆ, ಒಂದೇ ಬಣ್ಣದ ನುಣುಪು ಮೈ, ತೆಳುವಾದ ಜರಿಯ ಅಂಚು, ನೀರಿನಂತೆ ಇಳಿಯುವ ನೆರಿಗೆ, ಇವುಗಳಿಂದ ಎಂತಹ ದೀಪದ ಕೆಳಗೂ ತಲೆಯೆತ್ತಿ ನಿಲ್ಲಬಲ್ಲುದು. ಪೆಟ್ಟಿಗೆಯಲ್ಲಿರುವ ಒಡವೆಗಳೆಲ್ಲವನ್ನೂ ಒಂದೇ ರಾತ್ರಿ ಹೊರಡಿಸಬೇಕಾದುದಿಲ್ಲವೆಂಬುದನ್ನು ಅವರೇ ನನಗಿಂತ ಚೆನ್ನಾಗಿ ಬಲ್ಲರು.

ಈ ಎರಡರಲ್ಲಿ ಯಾವುದು ಮೇಲೆಂದು ನಾನು ತೀರ್ಪು ಕೊಡಲಾರೆ. ಕರೆದವರಿಗೆ ತೋರಿಸುವ ಆದರದಿಂದ ತೊಟ್ಟರೆ ಎರಡೂ ಒಳ್ಳೆಯವೇ. ಹೆದರಿ ತೊಟ್ಟರೆ ಎರಡೂ ಕೊರಳನ್ನು ಹಿಡಿಯುತ್ತವೆ.

ನಮ್ಮ ತಂದೆಯವರು ೧೯೭೧ರಲ್ಲಿ ತೀರಿಕೊಂಡರು. ನಾನು ಊರಿಗೆ ಬಂದಾಗ ಮಾತನಾಡಿಸಲು ಬಂದ ಹಿರಿಯರೊಬ್ಬರು, "ನಿಮ್ಮ ತಂದೆಗೆ ಅದೊಂದು ಹೆಮ್ಮೆ ನೋಡಪ್ಪ. ತಮ್ಮ ದರ್ಬಾರಿನ ಕೋಟನ್ನು ಮಗ ವಿಲಾಯಿತಿಯ ಔತಣದಲ್ಲಿ ಹಾಕಿಕೊಂಡಿದ್ದನೆಂದು ಬಂದವರಿಗೆಲ್ಲ ಹೇಳುತ್ತಿದ್ದರು" ಎಂದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅವರು ಅದನ್ನು ದುಃಖವೆಂದು ತಿಳಿದರು.

ಕಳೆದ ವರ್ಷ ಪರದೇಶದಲ್ಲಿರುವ ನನ್ನ ಮೊಮ್ಮಗನಿಗೆ ಇಂತಹದೇ ಒಂದು ಕರೆ ಬಂದಿತು. "ತಾತ, ಏನು ಹಾಕಿಕೊಳ್ಳಲಿ?" ಎಂದು ದೂರವಾಣಿಯಲ್ಲಿ ಕೇಳಿದನು. ನಾನು ಈ ಕಥೆಯನ್ನು ಪೂರ್ತಿಯಾಗಿ, ಮೊದಲ ಸಲ, ಅವನಿಗೆ ಹೇಳಿದೆ. ಕೋಟು ಇನ್ನೂ ಇದೆ, ಬೇಕಾದರೆ ಕಳುಹಿಸುತ್ತೇನೆ ಎಂದೆ. ಅವನು ಎರಡು ದಿನ ಯೋಚಿಸಿದನು. ಔತಣವಾದ ಮರುದಿನ ಮತ್ತೆ ಮಾತನಾಡಿ, "ತಾತ, ಕೋಪಿಸಿಕೊಳ್ಳಬೇಡಿ, ನಾನು ಡಿನ್ನರ್ ಜಾಕೆಟನ್ನೇ ಹೊಲಿಸಿಕೊಂಡೆ. ಟೈಯನ್ನು ಮಾತ್ರ ನಾನೇ ಕಟ್ಟಿಕೊಂಡೆ. ಮೂರು ಸಲ ತಪ್ಪಿತು" ಎಂದು ನಕ್ಕನು.

ನನಗೆ ಕೋಪ ಬರಲಿಲ್ಲ. ಅವನು ಏನನ್ನು ತೊಟ್ಟನೋ ಅದನ್ನೇ ನನಗೆ ಹೇಳಿದನು. ಕೋಟು ಪೆಟ್ಟಿಗೆಯಲ್ಲಿದೆ, ನುಸಿಗುಳಿಗೆಗಳನ್ನು ಹೋದ ವಾರ ಬದಲಾಯಿಸಿದೆ.